ಆರು ಜೀವ ತೂಗಿದ ಹಿಮಗೊಡಲಿ

ಅಮೆರಿಕದ ಕೊಲರಾಡೋ ರಾಜ್ಯದಲ್ಲಿ, ಡೆನ್ವರ್ ನಗರಕ್ಕೆ ಹತ್ತಿರ, ಗೋಲ್ಡನ್ ಎಂಬ ಊರಿದೆ. ಪರ್ವತಾರೋಹಣಕ್ಕೆಂದೇ ಮೀಸಲಾದ ವಸ್ತುಸಂಗ್ರಹಾಲಯವೊಂದು 2008ರಲ್ಲಿ ಅಲ್ಲಿ ಬಾಗಿಲು ತೆರೆಯಿತು. ಶಿಖರಗಳ ಛಾಯಾಚಿತ್ರಗಳಿಗೂ ನಕಾಶೆಗಳಿಗೂ ಹೆಸರಾದ ಬ್ರಾಡ್‌ಫರ್ಡ್ ವಾಶ್‌ಬರ್ನ್‌ನ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಅಲ್ಲಿನ ಸಂಗ್ರಹದಲ್ಲಿರುವ ಒಂದು ಹಿಮಗೊಡಲಿ ನೋಡಲು ಏನೇನೂ ವಿಶೇಷವಲ್ಲ. ಮರದ ಹಿಡಿ, ಹಿಡಿಯ ಬುಡಕ್ಕೆ ಲೋಹದ ಮೊನೆ, ತಲೆಯ ಒಂದು ಕಡೆ ಉದ್ದನೆಯ ಕೊಕ್ಕು, ಇನ್ನೊಂದು ಕಡೆ ಅಗಲವಾದ ಅಲಗು. ರಸ್ತೆ ಕೆಲಸದವರ ಪಿಕಾಸಿಯನ್ನು ಸಪೂರ ಮಾಡಿದರೆ ಹೀಗೇ ಕಾಣಬಹುದು. 1953ರ ಆಗಸ್ಟ್ 10ರಂದು ಕೆ2 ಪರ್ವತದ ಮೇಲೆ ಇದೇ ಕೊಡಲಿಗೆ ಸುತ್ತಿದ ಹಗ್ಗದಲ್ಲಿ ಆರು ಜನರ ಭಾರ ತೂಗಿತು. ಹಗ್ಗದ ಈ ತುದಿಯಲ್ಲಿದ್ದವನು ಪೀಟ್ ಶೋನಿಂಗ್, ಸಿಯಾಟಲ್‌ನ ಕೆಮಿಕಲ್ ಎಂಜಿನಿಯರ್, ವಯಸ್ಸು 26. ಬೆಟ್ಟ ಹತ್ತುವವರ ಲೋಕದಲ್ಲಿ ‘ದಿ ಬಿಲೇ’ (ಬೀಳುವವರನ್ನು ತಡೆದ ಹಗ್ಗದ ಹಿಡಿತ) ಎಂದಷ್ಟು ಹೇಳಿದರೆ ಸಾಕು, ಯಾವುದು ಎಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ.

ಇದನ್ನು ಒಬ್ಬನ ತೋಳ್ಬಲದ ಕತೆಯಾಗಿ ಹೇಳುವುದೇ ರೂಢಿ. ಅದು ಅರ್ಧ ಸತ್ಯ ಅನ್ನಿಸುತ್ತದೆ ನನಗೆ. ಶೋನಿಂಗ್ ಆ ಜಾಗದಲ್ಲಿ ಕೊಡಲಿ ನೆಟ್ಟು ನಿಂತದ್ದು ಬೀಳುವವರನ್ನು ಹಿಡಿಯಲಿಕ್ಕಲ್ಲ, ಕಾಲೂರಲಾರದ ಒಬ್ಬ ರೋಗಿಯನ್ನು ಕೆಳಗಿಳಿಸಲಿಕ್ಕೆ. ಆ ರೋಗಿಯನ್ನು ಮೇಲೆಯೇ ಬಿಟ್ಟು ಬರಲು ತಂಡ ಒಪ್ಪಿದ್ದರೆ ಅಲ್ಲಿ ಕೊಡಲಿಯೂ ಇರುತ್ತಿರಲಿಲ್ಲ, ಹಗ್ಗವೂ ಇರುತ್ತಿರಲಿಲ್ಲ. ಬಹುಶಃ ಆ ಬೀಳುವಿಕೆಯೂ ಆಗುತ್ತಿರಲಿಲ್ಲ.

ಕೆ2ಗೆ ಊರವರ ಬಳಕೆಯ ಹೆಸರೇ ಇರಲಿಲ್ಲ. ಹತ್ತಿರದ ಹಳ್ಳಿಗಳಿಂದ ಕಣ್ಣಿಗೇ ಬೀಳದಷ್ಟು ಒಳಗಿದೆ ಅದು. 1856ರಲ್ಲಿ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಅಧಿಕಾರಿ ಮಾಂಟ್ಗೋಮರಿ ಕಾಶ್ಮೀರದ ಹರಮುಖ ಬೆಟ್ಟದ ಮೇಲಿನಿಂದ, 200 ಕಿ.ಮೀ.ಗೂ ಆಚೆ ಕಂಡ ಕಾರಕೋರಂ ಶಿಖರಗಳನ್ನು ಕೆ1, ಕೆ2 ಎಂದು ಗುರುತು ಹಾಕಿಕೊಂಡ. ಆ ಸರ್ವೇಕ್ಷಣೆಯ ಮೊದಲಿಗ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ತೊಡಗಿಸಿದ ಕೆಲಸವೇ ಅರ್ಧ ಶತಮಾನದಲ್ಲಿ ಅಲ್ಲಿಯವರೆಗೆ ಏರಿತ್ತು. ಮಾಂಟ್ಗೋಮರಿಯ ಟಿಪ್ಪಣಿ ಪುಸ್ತಕದ ಗುರುತೇ ಪರ್ವತಕ್ಕೆ ಅಂಟಿಕೊಂಡಿತು. ಎತ್ತರ 8,611 ಮೀಟರ್, ಎವರೆಸ್ಟ್ ಬಿಟ್ಟರೆ ಜಗತ್ತಿನಲ್ಲಿ ಇದೇ ಎತ್ತರ. ಹತ್ತುವ ಕಷ್ಟದಲ್ಲಂತೂ ಎವರೆಸ್ಟ್ ಇದರ ಹಿಂದೆ ನಿಲ್ಲಬೇಕು.

ಅಮೆರಿಕನ್ನರಿಗೆ ಈ ಪರ್ವತದ ಜೊತೆ ಹಳೆಯ ಲೆಕ್ಕವಿತ್ತು. 1938ರಲ್ಲಿ ಚಾರ್ಲ್ಸ್ ಹ್ಯೂಸ್ಟನ್ ಎಂಬ ವೈದ್ಯಕೀಯ ವಿದ್ಯಾರ್ಥಿ ಒಂದು ಸಣ್ಣ ತಂಡ ಕಟ್ಟಿಕೊಂಡು ಹೋಗಿ, ಅಬ್ರುಝಿ ಏಣಿನ ದಾರಿ ಹಿಡಿದರೆ ಶಿಖರ ಸಾಧ್ಯವೆಂದು ತೋರಿಸಿ ಮರಳಿದ್ದ. ಮರುವರ್ಷ ಫ್ರಿಟ್ಜ್ ವೀಸ್ನರ್‌ನ ತಂಡ ಶಿಖರದ ತೀರಾ ಸಮೀಪಕ್ಕೆ ಹೋಯಿತು, ಆದರೆ ದುರಂತದಲ್ಲಿ ಮುಗಿಯಿತು. ಡಡ್ಲಿ ವುಲ್ಫ್ ಎಂಬ ಸದಸ್ಯ ಮೇಲಿನ ಶಿಬಿರದಲ್ಲಿ ಒಂಟಿಯಾಗಿ ಉಳಿದುಬಿಟ್ಟ. ಅವನನ್ನು ಕರೆತರಲು ಹೋದ ಪಸಾಂಗ್ ಕಿಕುಲಿ, ಪಸಾಂಗ್ ಕಿತಾರ್, ಫಿನ್ಸೂ ಎಂಬ ಮೂವರು ಶೆರ್ಪಾಗಳೂ ತಿರುಗಿ ಬರಲಿಲ್ಲ. ಇಷ್ಟು ಎತ್ತರದಲ್ಲಿ ಒಬ್ಬನನ್ನು ಉಳಿಸಹೋದರೆ ಎಷ್ಟು ಜೀವ ತೆರಬೇಕಾದೀತು ಎಂಬುದು 1953ರಲ್ಲಿ ಹೊರಟವರಿಗೆ ತಿಳಿಯದ ವಿಷಯವೇನಲ್ಲ.

ನಡುವೆ ಮಹಾಯುದ್ಧ ಬಂತು, ಆಮೇಲೆ ದೇಶ ವಿಭಜನೆ. ಕೆ2 ಪಾಕಿಸ್ತಾನದ ಕಡೆಗಾಯಿತು. ಡಾರ್ಜಿಲಿಂಗ್‌ನ ಶೆರ್ಪಾಗಳನ್ನು ಅಲ್ಲಿಗೆ ಕರೆದೊಯ್ಯುವ ಹಳೆಯ ಪದ್ಧತಿ ಭಾರತ-ಪಾಕಿಸ್ತಾನದ ಬಿಗುವಿನಲ್ಲಿ ಕಡಿದುಬಿತ್ತು. ಅವರ ಬದಲಿಗೆ ಹುಂಝಾ ಕಣಿವೆಯ ಆಳುಗಳು ಬಂದರು. ಗಟ್ಟಿಗರು, ಆದರೆ ಕಡಿದಾದ ಹಿಮದಲ್ಲಿ ಹಗ್ಗ ಹಿಡಿದು ಪಳಗಿದವರಲ್ಲ. ಹಾಗಾಗಿ ಹೊರೆಯಾಳುಗಳ ಕೆಲಸ ಮೂರನೆಯ ಶಿಬಿರಕ್ಕೆ ಮುಗಿಯಬೇಕು, ಅಲ್ಲಿಂದ ಮೇಲಕ್ಕೆ ಡೇರೆ, ಸೀಮೆಎಣ್ಣೆ, ಅಡುಗೆ ಸಾಮಾನು ಎಲ್ಲವನ್ನೂ ತಾವೇ ಹೊರಬೇಕು ಎಂದು ಹ್ಯೂಸ್ಟನ್ ನಿಶ್ಚಯಿಸಿದ. ಉಸಿರಾಟಕ್ಕೆ ಆಮ್ಲಜನಕದ ಸಿಲಿಂಡರು ಒಯ್ಯುವ ಯೋಚನೆಯೂ ಹೀಗೆಯೇ ಬಿದ್ದುಹೋಯಿತು.

ಇಷ್ಟು ಕಡಿಮೆ ಜನದಲ್ಲಿ ಕೆಲಸ ಸಾಗಬೇಕಾದರೆ ಜನ ಸರಿಯಾಗಿರಬೇಕು. ಹ್ಯೂಸ್ಟನ್ ಮತ್ತು ಅವನ ಹಳೆಯ ಜೊತೆಗಾರ, ಶಾಲಾ ಮೇಷ್ಟರಾಗಿದ್ದ ಬಾಬ್ ಬೇಟ್ಸ್, ಹೆಸರಾಂತ ಹತ್ತುಗಾರರನ್ನು ಹುಡುಕಲಿಲ್ಲ. ವಾರಗಟ್ಟಲೆ ಒಂದೇ ಡೇರೆಯಲ್ಲಿ ಜಗಳವಾಡದೆ ಕಳೆಯಬಲ್ಲವರನ್ನು ಹುಡುಕಿದರು. ಲಾಸ್ ಅಲಮೋಸ್‌ನ ಭೌತವಿಜ್ಞಾನಿ ಜಾರ್ಜ್ ಬೆಲ್, ಭೂವಿಜ್ಞಾನಿ ಆರ್ಟ್ ಗಿಲ್ಕಿ, ಸ್ಕೀ ಕಲಿಸುತ್ತಿದ್ದ ಬಾಬ್ ಕ್ರೇಗ್, ಭೂವಿಜ್ಞಾನಿಯೂ ಚಿತ್ರಗಾರನೂ ಆಗಿದ್ದ ಡೀ ಮೊಲೆನಾರ್, ಎಲ್ಲರಿಗಿಂತ ಚಿಕ್ಕವನಾದ ಶೋನಿಂಗ್. ಇವರ ಜೊತೆಗೆ ಬ್ರಿಟಿಷ್ ಸೇನಾಧಿಕಾರಿ ಟೋನಿ ಸ್ಟ್ರೆದರ್. ಸಾಗಣೆ ನೋಡಿಕೊಳ್ಳಲೆಂದು ಸೇರಿಸಿಕೊಂಡವನು ಆತ. 1950ರಲ್ಲಿ ನಾರ್ವೆಯ ತಂಡದ ಜೊತೆ ಇದೇ ಕೆಲಸಕ್ಕೆ ಹೋಗಿ ತಿರಿಚ್ ಮೀರ್ ಶಿಖರವನ್ನೇ ಹತ್ತಿ ಬಂದ ಆಸಾಮಿ! ತಳಶಿಬಿರದಲ್ಲಿ ಪಾಕಿಸ್ತಾನದ ಕರ್ನಲ್ ಅತಾವುಲ್ಲಾ ವೈರ್‌ಲೆಸ್ ಹಿಡಿದು ಕೂತ. ರೇಡಿಯೋ ಪಾಕಿಸ್ತಾನ ಇವರಿಗೆಂದೇ ಹವಾಮಾನ ವರದಿ ಓದುತ್ತಿತ್ತು.

1953 ಹಿಮಾಲಯ ಹತ್ತುವವರ ಪಾಲಿಗೆ ಸುಗ್ಗಿಯ ವರ್ಷ. ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಮೇಲೆ ನಿಂತರು. ಜುಲೈ 3ರಂದು ಹರ್ಮನ್ ಬೂಲ್ ಒಬ್ಬನೇ ನಂಗಾ ಪರ್ಬತದ ತುದಿ ಮುಟ್ಟಿದ. ಕೆ2 ತಂಡದ ಕೆಲಸವೂ ಜುಲೈ ಉದ್ದಕ್ಕೂ ಹದವಾಗಿ ಸಾಗಿತು. ಆಗಸ್ಟ್ ಮೊದಲ ದಿನಗಳಲ್ಲಿ ಎಂಟೂ ಜನ ಸುಮಾರು 7,700 ಮೀಟರ್ ಎತ್ತರದ ಎಂಟನೆಯ ಶಿಬಿರದಲ್ಲಿದ್ದರು. ಕೈಗೆ ಮೂರೇ ಮೂರು ದಿನ ಒಳ್ಳೆಯ ಹವೆ ಸಿಕ್ಕಿದ್ದರೆ ಸಾಕಿತ್ತು. ಶಿಖರಕ್ಕೆ ಯಾರು ಹೋಗಬೇಕೆಂದು ಗುಟ್ಟಾಗಿ ಚೀಟಿ ಬರೆದು ಮತ ಹಾಕಿದರು. ಮೊದಲ ಜೋಡಿ ಬೆಲ್ ಮತ್ತು ಕ್ರೇಗ್, ಎರಡನೆಯದು ಗಿಲ್ಕಿ ಮತ್ತು ಶೋನಿಂಗ್. ಇಂಥ ಆಯ್ಕೆಯನ್ನು ನಾಯಕನ ಬಾಯಿಂದ ಬರುವ ಆಜ್ಞೆಯೆಂದೇ ತಿಳಿದಿದ್ದ ಕಾಲದಲ್ಲಿ ಇದು ಅಪರೂಪದ ನಡೆ.

ಆ ಮೂರು ದಿನ ಬರಲಿಲ್ಲ. ಬಿರುಗಾಳಿ ಹಿಡಿದದ್ದು ಬಿಡಲೇ ಇಲ್ಲ. ಗಾಳಿಗೆ ಸ್ಟವ್ ಹತ್ತಿಕೊಳ್ಳುತ್ತಿರಲಿಲ್ಲ. ಸ್ಟವ್ ಹತ್ತದಿದ್ದರೆ ಹಿಮ ಕರಗುವುದಿಲ್ಲ, ಹಿಮ ಕರಗದಿದ್ದರೆ ಕುಡಿಯಲು ನೀರಿಲ್ಲ. ಒಂದು ರಾತ್ರಿ ಹ್ಯೂಸ್ಟನ್ ಮತ್ತು ಬೆಲ್ ಮಲಗಿದ್ದ ಡೇರೆ ಹರಿದುಹೋಯಿತು, ಅವರು ಬೇರೆ ಡೇರೆಗಳಲ್ಲಿ ತೂರಿಕೊಂಡರು. ಆಗಸ್ಟ್ 7ರಂದು ಗಾಳಿ ಸ್ವಲ್ಪ ತಗ್ಗಿತೆಂದು ಹೊರಬಂದ ಗಿಲ್ಕಿ ನಿಂತಲ್ಲೇ ಕುಸಿದ. ಎಡಗಾಲಿನ ಮೀನಖಂಡದಲ್ಲಿ ನೋವು, ಬಾವು. ಹ್ಯೂಸ್ಟನ್ ಪರೀಕ್ಷಿಸಿ ನೋಡಿದ: ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ನೀರು ಕುಡಿಯದೆ, ಅಲುಗಾಡದೆ, ಗಾಳಿ ತೆಳುವಾದ ಎತ್ತರದಲ್ಲಿ ದಿನಗಟ್ಟಲೆ ಮಲಗಿದ್ದರ ಫಲ. ಹೆಪ್ಪು ಅಲ್ಲಿಂದ ಕಿತ್ತು ಶ್ವಾಸಕೋಶಕ್ಕೆ ಹೋದರೆ ಸಾವು. ಒಂದೆರಡು ದಿನದಲ್ಲಿ ಗಿಲ್ಕಿಗೆ ಕೆಮ್ಮು ಬಂತು, ನಾಡಿ ಏರಿತು. ಹೆಪ್ಪು ಹೊರಟಿತ್ತು.

ಇನ್ನು ಶಿಖರದ ಮಾತಿಲ್ಲ. ಉಳಿದದ್ದು ಒಂದೇ ಪ್ರಶ್ನೆ. ಎಚ್ಚರವಿರುವ ಗಟ್ಟಿಮುಟ್ಟಾದ ಏಳು ಜನ ಇಳಿಯುವುದೇ ಕಷ್ಟವಾದ ಏಣಿನಲ್ಲಿ, ಹೆಜ್ಜೆ ಇಡಲಾರದವನನ್ನು ಎರಡೂವರೆ ಕಿಲೋಮೀಟರಿನಷ್ಟು ಕೆಳಗೆ ಇಳಿಸುವುದು ಆಗುವ ಮಾತೇ? ಆಗದೆಂದು ತನಗೆ ಒಳಗೊಳಗೆ ಗೊತ್ತಿತ್ತೆಂದು ಹ್ಯೂಸ್ಟನ್ ಮುಂದೆ ಹೇಳಿಕೊಂಡ. ಆದರೆ ಬಿಟ್ಟು ಹೋಗೋಣ ಎಂಬ ಮಾತು ಆ ಡೇರೆಗಳಲ್ಲಿ ಒಬ್ಬನ ಬಾಯಿಂದಲೂ ಬರಲಿಲ್ಲ. ಏಳರ ದಿನವೇ ಗಿಲ್ಕಿಯನ್ನು ಸುತ್ತಿ ಎಳೆದುಕೊಂಡು ಹೊರಟರು. ಹತ್ತಿ ಬಂದಿದ್ದ ಇಳಿಜಾರಿನ ಹೊಸ ಹಿಮ ಯಾವ ಕ್ಷಣದಲ್ಲಾದರೂ ಕುಸಿಯುವಂತಿತ್ತು, ತಿರುಗಿ ಬಂದರು. ಶೋನಿಂಗ್ ಮತ್ತು ಕ್ರೇಗ್ ಪಕ್ಕದಲ್ಲೊಂದು ಕಲ್ಲಿನ ಏಣು ಹುಡುಕಿದರು. ಕಡಿದಾದ ದಾರಿ, ಆದರೆ ಹಿಮ ಕುಸಿಯುವ ಭಯ ಕಡಿಮೆ.

ಹತ್ತನೆಯ ತಾರೀಕಿನ ಬೆಳಿಗ್ಗೆ ಬಿರುಗಾಳಿ ಇನ್ನೂ ಬೀಸುತ್ತಿತ್ತು. ಕಾಯುವ ಹಾಗಿರಲಿಲ್ಲ. ಗಿಲ್ಕಿಯನ್ನು ಮಲಗುಚೀಲದಲ್ಲಿಟ್ಟು, ಹರಿದ ಡೇರೆಯ ಬಟ್ಟೆ ಸುತ್ತಿ, ಹಗ್ಗ ಬಿಗಿದು, ಮಾರ್ಫಿನ್ ಕೊಟ್ಟು ಇಳಿಸತೊಡಗಿದರು. ಹೇಗಿದ್ದೀಯ ಎಂದು ಕೇಳಿದವರಿಗೆಲ್ಲ ಅವನು ಚೆನ್ನಾಗಿದ್ದೇನೆ ಎನ್ನುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಏಳನೆಯ ಶಿಬಿರದ ಪುಟ್ಟ ಕಟ್ಟೆಯ ನೇರಕ್ಕೆ ಬಂದಿದ್ದರು, ಇನ್ನು ಇಳಿಜಾರಿಗೆ ಅಡ್ಡಲಾಗಿ ದಾಟಬೇಕು. ಸಣ್ಣದೊಂದು ಹಿಮಕುಸಿತ ಕ್ರೇಗ್‌ನನ್ನು ಹೊಡೆದು ಹೋಗಿತ್ತು. ಸುಸ್ತಾದ ಅವನು ಹಗ್ಗ ಬಿಚ್ಚಿಕೊಂಡು ಕಟ್ಟೆಗೆ ಹೋಗಿ ಕೂತ. ಮೊಲೆನಾರ್ ತನ್ನನ್ನು ಗಿಲ್ಕಿಯ ಹಗ್ಗಕ್ಕೆ ಕಟ್ಟಿಕೊಂಡಿದ್ದ. ಎಲ್ಲರಿಗೂ ಮೇಲೆ ಶೋನಿಂಗ್. ಹಿಮದಲ್ಲಿ ಹೂತು ಹೆಪ್ಪುಗಟ್ಟಿದ್ದ ಒಂದು ಬಂಡೆಯ ಹಿಂದೆ ಕೊಡಲಿಯ ಹಿಡಿಯನ್ನು ಆಳಕ್ಕೆ ಇಳಿಸಿ, ಹಗ್ಗವನ್ನು ಅದಕ್ಕೂ ತನ್ನ ಸೊಂಟಕ್ಕೂ ಬಳಸಿ ಗಿಲ್ಕಿಯ ಭಾರ ಹಿಡಿದು ನಿಂತಿದ್ದ.

ಆಗ ಬೆಲ್ ಗಟ್ಟಿ ಮಂಜಿನ ಮೇಲೆ ಕಾಲು ಜಾರಿದ. ಅವನ ಹಗ್ಗದಲ್ಲಿದ್ದ ಸ್ಟ್ರೆದರ್ ಕಿತ್ತುಬಂದ. ಅವರಿಬ್ಬರ ಹಗ್ಗ ಹ್ಯೂಸ್ಟನ್-ಬೇಟ್ಸ್ ಜೋಡಿಯ ಹಗ್ಗಕ್ಕೆ ತೊಡರಿಕೊಂಡಿತು, ಆ ಇಬ್ಬರೂ ಹೊರಟರು. ನಾಲ್ವರ ಗೊಂದಲದ ಹಗ್ಗ ಮೊಲೆನಾರ್‌ನನ್ನೂ ಸೆಳೆಯಿತು. ಐವರು ಉರುಳುತ್ತಿದ್ದಾರೆ. ಅವರ ಕೆಳಗೆ ಇಳಿಜಾರು ಮುಗಿದು, ಎರಡು ಸಾವಿರ ಮೀಟರಿಗೂ ಆಳದಲ್ಲಿ ಗಾಡ್ವಿನ್-ಆಸ್ಟಿನ್ ಹಿಮನದಿ. ಮೊಲೆನಾರ್ ಗಿಲ್ಕಿಗೆ ಕಟ್ಟಿಕೊಂಡದ್ದರಿಂದ ಐವರ ಸೆಳೆತ ಗಿಲ್ಕಿಯ ಹಗ್ಗಕ್ಕೆ ಬಂತು. ಗಿಲ್ಕಿಯ ಹಗ್ಗ ಶೋನಿಂಗ್‌ನ ಕೈಯಲ್ಲಿತ್ತು.

ಬೀಳುವವರನ್ನು ಕಂಡ ಶೋನಿಂಗ್ ಮೈಭಾರವನ್ನೆಲ್ಲ ಕೊಡಲಿಯ ತಲೆಯ ಮೇಲೆ ಹಾಕಿದ. ಸೆಳೆತ ಒಮ್ಮೆಲೇ ಬರಲಿಲ್ಲ, ಒಬ್ಬೊಬ್ಬರದಾಗಿ ಬಂತು. ಹಗ್ಗ ಎಳೆಯೆಳೆಯಾಗಿ ಸಪೂರವಾಯಿತು, ಕಡಿಯಲಿಲ್ಲ. ಕೊಡಲಿ ಮುರಿಯಲಿಲ್ಲ. ಬಂಡೆ ಕದಲಲಿಲ್ಲ. 150ರಿಂದ 300 ಅಡಿಯಷ್ಟು ಉರುಳಿದವರು ಅಲ್ಲಲ್ಲೇ ನಿಂತರು.

ಇದು ಹೇಗಾಯಿತೆಂದು ಹತ್ತುಗಾರರು ಇಂದಿಗೂ ಚರ್ಚಿಸುತ್ತಾರೆ, ಯಾರ ಹಗ್ಗ ಯಾರದಕ್ಕೆ ಯಾವ ಕ್ರಮದಲ್ಲಿ ತೊಡರಿತೆಂಬುದರಲ್ಲಿ ಬಿದ್ದವರ ನೆನಪುಗಳೇ ಪೂರ್ತಿ ಹೊಂದುವುದಿಲ್ಲ. ಒಂದು ಮಾತ್ರ ಖಚಿತ, ಹಗ್ಗ ನೈಲಾನಿನದು. ಯುದ್ಧಕ್ಕೆ ಮುಂಚಿನ ನಾರಿನ ಹಗ್ಗ ಜಗ್ಗಿದರೆ ಅಷ್ಟಾಗಿ ಹಿಗ್ಗುತ್ತಿರಲಿಲ್ಲ, ಇಷ್ಟು ಭಾರಕ್ಕೆ ತಟ್ಟನೆ ಹರಿಯುವ ಸಂಭವವೇ ಹೆಚ್ಚು. ಯುದ್ಧಕಾಲದಲ್ಲಿ ಅಮೆರಿಕದ ಪರ್ವತ ಸೈನಿಕರಿಗಾಗಿ ಹೊಸ ಸಾಮಗ್ರಿಗಳ ಪರೀಕ್ಷೆ ನಡೆದಾಗ ನೈಲಾನ್ ಹಗ್ಗ ಬೆಟ್ಟಕ್ಕೆ ಬಂತು. ಆ ಸಾಮಗ್ರಿ ವಿಭಾಗದಲ್ಲಿ ದುಡಿದವರಲ್ಲಿ ಒಬ್ಬ, ಆ ದಿನ ಹಗ್ಗದ ಕೆಳತುದಿಯಲ್ಲಿ ತೂಗುತ್ತಿದ್ದ ಬೇಟ್ಸ್! ಬೀಳುವವನನ್ನು ಹಗ್ಗದಲ್ಲಿ ಹಿಡಿಯುವ ಕ್ರಮ, ಅಂದರೆ ಬಿಲೇ, ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಭಾರ ಬೀಳಿಸಿ ಅಳೆದು ಕಲಿಯುವ ವಿದ್ಯೆಯಾಗಿತ್ತು. ಶೋನಿಂಗ್‌ನ ತಲೆಮಾರು ಅದನ್ನು ಅಭ್ಯಾಸ ಮಾಡಿಯೇ ಬೆಳೆದದ್ದು. ಅವನಂತೂ ಜೀವಮಾನವಿಡೀ ಇದರ ಬಗ್ಗೆ ಹೆಚ್ಚು ಮಾತಾಡಲಿಲ್ಲ, ಹೊಗಳಿದರೆ ಮುಜುಗರಪಡುತ್ತಿದ್ದ.

ಹಿಡಿದದ್ದಾಯಿತು, ಬಿಡುವುದು ಹೇಗೆ? ಕೆಳಗಿನವರು ತಮ್ಮ ಕಾಲ ಮೇಲೆ ನಿಲ್ಲುವವರೆಗೆ, ಗಿಲ್ಕಿಗೆ ಬೇರೆ ಆಸರೆಯಾಗುವವರೆಗೆ ಶೋನಿಂಗ್ ಬೆರಳು ಸಡಿಲಿಸುವ ಹಾಗಿಲ್ಲ. ಬೆಲ್‌ನ ಕೈಗವಸು ಹಾರಿಹೋಗಿತ್ತು, ಕನ್ನಡಕ ಕಳೆದಿತ್ತು, ಕೈ ಆಗಲೇ ಬಿಳಿಚಿತ್ತು. ಹ್ಯೂಸ್ಟನ್ ತಲೆಗೆ ಪೆಟ್ಟು ಬಿದ್ದು ಒಂದು ಚಾಚಿನ ಮೇಲೆ ಎಚ್ಚರ ತಪ್ಪಿ ಬಿದ್ದಿದ್ದ. ಬೇಟ್ಸ್ ಇಳಿದು ಹೋಗಿ ಎಬ್ಬಿಸಿದರೆ, ನಾವೆಲ್ಲಿದ್ದೇವೆ, ಏನು ಮಾಡುತ್ತಿದ್ದೇವೆ ಎಂದು ಕೇಳತೊಡಗಿದ. ವಾದ ಮಾಡುವುದು ವ್ಯರ್ಥವೆಂದು ತಿಳಿದು ಬೇಟ್ಸ್ ಅವನ ಹೆಂಡತಿ ಮಗಳ ಹೆಸರು ಹೇಳಿ, ಅವರನ್ನು ಮತ್ತೆ ನೋಡಬೇಕಾದರೆ ಈಗಲೇ ಹತ್ತು ಎಂದ. ಹ್ಯೂಸ್ಟನ್ ಹತ್ತಿದ.

ಗಿಲ್ಕಿಯನ್ನು ಎರಡು ಹಿಮಗೊಡಲಿಗಳಿಗೆ ಬಿಗಿದು ಇಳಿಜಾರಿನಲ್ಲೇ ನಿಲ್ಲಿಸಿ, ಉಳಿದವರು 150 ಅಡಿಯಷ್ಟು ಆಚೆಯ ಕಟ್ಟೆಯಲ್ಲಿ ಡೇರೆ ಹಾಕಲು ಹೋದರು. ಗಾಳಿಯ ನಡುವೆ ಅವನ ಕೂಗು ಕೇಳಿದಂತಾಯಿತು, ಏನೆಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಬೇಟ್ಸ್, ಕ್ರೇಗ್, ಸ್ಟ್ರೆದರ್ ಅವನನ್ನು ತರಲು ತಿರುಗಿ ಬಂದರು. ಇಳಿಜಾರು ಖಾಲಿಯಾಗಿತ್ತು. ಗಿಲ್ಕಿ ಇಲ್ಲ, ಕೊಡಲಿಗಳೂ ಇಲ್ಲ, ಹಿಮದಲ್ಲಿ ಗೀರಿದ ಒಂದು ಹೊಸ ಗೆರೆ ಮಾತ್ರ.

ಆ ದಿನ ಇಳಿಜಾರಿನಲ್ಲಿ ಲೆಕ್ಕಕ್ಕೆ ಬಂದ ಕೊಡಲಿಗಳು ಮೂರು. ಗಟ್ಟಿಯಾಗಿ ನಿಂತದ್ದು ಗೋಲ್ಡನ್ ಊರಿನಲ್ಲಿದೆ. ಗಿಲ್ಕಿಯನ್ನು ಹಿಡಿದಿದ್ದ ಎರಡರ ಬಗ್ಗೆಯೇ ವಿವಾದ. ಹಿಮಕುಸಿತ ಅವನನ್ನು ಒಯ್ದಿತೆಂದು ತಂಡ ಆಗಲೇ ತೀರ್ಮಾನಿಸಿತು. ಹ್ಯೂಸ್ಟನ್ ಮತ್ತು ಬೇಟ್ಸ್ 1954ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇರುವುದೂ ಅದೇ. ಮುಂದೆ ಕೆಲವರು ಬೇರೊಂದು ಸಾಧ್ಯತೆ ಎತ್ತಿದರು: ತಾನು ಇರುವವರೆಗೆ ಉಳಿದವರೂ ಇಳಿಯಲಾರರೆಂದು ಗಿಲ್ಕಿ ತಾನೇ ಕೊಡಲಿ ಕಿತ್ತು ಜಾರಿಹೋದನೇ? ಮಾರ್ಫಿನ್ ಮತ್ತಿನಲ್ಲಿದ್ದವನಿಗೆ ಅದು ಆಗದ ಕೆಲಸವೆಂದು ಮೊದಮೊದಲು ಹ್ಯೂಸ್ಟನ್ ತಳ್ಳಿಹಾಕಿದ. ಅರ್ಧ ಶತಮಾನದ ಬಳಿಕ, ಈ ಘಟನೆಯ ಬಗೆಗಿನ 2003ರ ಸಾಕ್ಷ್ಯಚಿತ್ರದ ಹೊತ್ತಿಗೆ, ಹಾಗೇ ಆಗಿರಬೇಕೆಂದು ನಂಬಿದ. ಬೇಟ್ಸ್ ಒಪ್ಪಲಿಲ್ಲ. ಹಿಮ ಸಡಿಲವಾಗಿದ್ದ ಇಳಿಜಾರು, ಅಲ್ಪ ಹೊತ್ತಿನ ಹಿಂದೆ ಅಲ್ಲೇ ಕ್ರೇಗ್‌ಗೆ ಬಡಿದ ಕುಸಿತ, ಎಲ್ಲ ಬೇಟ್ಸ್‌ನ ಪಕ್ಷಕ್ಕೆ ಸಾಕ್ಷಿ ಹೇಳುತ್ತವೆ ಎಂದು ನನಗೆ ತೋರುತ್ತದೆ. ತ್ಯಾಗದ ಕತೆ ಕೇಳಲು ಹಿತ. ಹಿತವಾದ ಕತೆಯನ್ನು ಸತ್ತವನ ಮೇಲೆ ಹೊರಿಸುವಾಗ ಕೈ ಸ್ವಲ್ಪ ತಡೆಯಬೇಕು.

ವಿವಾದ ಏನೇ ಇರಲಿ, ಪರಿಣಾಮ ನಿಷ್ಠುರವಾಗಿ ಸ್ಪಷ್ಟ. ಗಿಲ್ಕಿ ಇದ್ದಿದ್ದರೆ ಬಹುಶಃ ಯಾರೂ ಉಳಿಯುತ್ತಿರಲಿಲ್ಲ. ಆ ರಾತ್ರಿ ಏಳು ಜನ ಎರಡು ಪುಟ್ಟ ಡೇರೆಗಳಲ್ಲಿ ಕುಕ್ಕರುಗಾಲಲ್ಲಿ ಕಳೆದರು. ಭ್ರಮೆ ಹಿಡಿದ ಹ್ಯೂಸ್ಟನ್ ಡೇರೆಯಲ್ಲಿ ಉಸಿರಾಡಲು ಗಾಳಿಯಿಲ್ಲ, ಕತ್ತರಿಸಬೇಕು ಎಂದು ಎದ್ದೆದ್ದು ಹಟ ಹಿಡಿಯುತ್ತಿದ್ದ. ಮರುದಿನ ಇಳಿಯುವಾಗ ದಾರಿಯಲ್ಲಿ ಮುರಿದ ಕೊಡಲಿಹಿಡಿ, ಗೋಜಲಾದ ಹಗ್ಗ, ಬಂಡೆಗಳ ಮೇಲೆ ರಕ್ತ ಕಂಡಿತು. ಯಾರೂ ತುಟಿ ಬಿಚ್ಚಲಿಲ್ಲ. ವರ್ಷಗಟ್ಟಲೆ ಬಿಚ್ಚಲಿಲ್ಲ. ಎರಡನೆಯ ಶಿಬಿರಕ್ಕೆ ಹತ್ತಿಬಂದಿದ್ದ ಹುಂಝಾ ಆಳುಗಳು ಇವರನ್ನು ಅಪ್ಪಿಕೊಂಡು ಅತ್ತರು. ಆಗಸ್ಟ್ 15ರಂದು ತಳಶಿಬಿರ ಸೇರಿದರು. ಬೆಲ್‌ನ ಕಾಲು ಹಿಮಕ್ಕೆ ಕೆಟ್ಟಿತ್ತು, ಅವನನ್ನು ಹೊತ್ತೇ ಒಯ್ಯಬೇಕಾಯಿತು.

ಹೊರಡುವ ಮುನ್ನ ಎರಡು ಹಿಮನದಿಗಳು ಕೂಡುವ ಕಡೆ ಒಂದು ಕಲ್ಲುದಿಬ್ಬದ ಮೇಲೆ ಗಿಲ್ಕಿಯ ನೆನಪಿಗೆ ಕಲ್ಲು ಪೇರಿಸಿದರು. ಮರುವರ್ಷ ಅರ್ದಿತೊ ದೇಸಿಯೊನ ದೊಡ್ಡ ಇಟಾಲಿಯನ್ ತಂಡ ಬಂತು, ಜುಲೈ 31ರಂದು ಲಾಚೆದೆಲ್ಲಿ ಮತ್ತು ಕೊಂಪಾನ್ಯೊನಿ ಶಿಖರ ಮುಟ್ಟಿದರು. ಅವರಲ್ಲೂ ಮಾರಿಯೊ ಪುಖೋಜ್ ಎಂಬವನು ತೀರಿಕೊಂಡ. ಕೆ2ರಲ್ಲಿ ಸತ್ತವರ ಹೆಸರನ್ನು ಊಟದ ತಟ್ಟೆಯ ಮೇಲೆ ಮೊಳೆಯಿಂದ ಕೊರೆದು ಗಿಲ್ಕಿಯ ಕಲ್ಲುಗುಪ್ಪೆಗೆ ತೂಗುಹಾಕುವುದು ಕ್ರಮೇಣ ರೂಢಿಯಾಯಿತು. ಗಿಲ್ಕಿಯ ಅವಶೇಷಗಳನ್ನು ಹಿಮನದಿ ನಲವತ್ತು ವರ್ಷ ಇಟ್ಟುಕೊಂಡು 1993ರಲ್ಲಿ ಪರ್ವತದ ಬುಡದಲ್ಲಿ ಹೊರಹಾಕಿತು. ಅಮೆರಿಕನ್ನರು ಕೆ2 ಶಿಖರ ಹತ್ತಿದ್ದು 1978ರಲ್ಲಿ. ಸೋತ ಈ ತಂಡದ ಹೆಸರೇ ಅಮೆರಿಕದಲ್ಲಿ ಅದಕ್ಕಿಂತ ದೊಡ್ಡದಾಗಿ ಉಳಿದದ್ದು ವಿಚಿತ್ರವಾದರೂ ನಿಜ.

ಹಗ್ಗದಲ್ಲಿ ತೂಗಿದವರು ಮುಂದೆ ಬಹಳ ದೂರ ನಡೆದರು. ಸ್ಟ್ರೆದರ್ 1955ರಲ್ಲಿ ಕಾಂಚನಜುಂಗಾ ಹತ್ತಿದ. ಕಾಲು ಹಿಮಕ್ಕೆ ಕೆಟ್ಟಿದ್ದ ಬೆಲ್ 1960ರಲ್ಲಿ ಮಶರ್‌ಬ್ರಮ್ ಶಿಖರ ಏರಿದ. ಬೇಟ್ಸ್ 1962ರಲ್ಲಿ ನೇಪಾಳದಲ್ಲಿ ಅಮೆರಿಕದ ಸ್ವಯಂಸೇವಕ ಸಂಸ್ಥೆ ಪೀಸ್ ಕೋರ್‌ನ ಮೊದಲ ನಿರ್ದೇಶಕನಾದ. ಶೋನಿಂಗ್ 1958ರಲ್ಲಿ ಆ್ಯಂಡಿ ಕಾಫ್ಮನ್ ಜೊತೆ ಹಿಡನ್ ಪೀಕ್ ಹತ್ತಿ, ಎಂಟು ಸಾವಿರ ಮೀಟರ್ ಮೀರಿದ ಶಿಖರವೊಂದನ್ನು ಮೊದಲಿಗೆ ಮುಟ್ಟಿದ ಅಮೆರಿಕನ್ನರ ಸಾಲಿಗೆ ಸೇರಿದ. 1966ರಲ್ಲಿ ಅಂಟಾರ್ಕ್ಟಿಕಾದ ವಿನ್ಸನ್ ಹತ್ತಿದ. 1996ರಲ್ಲಿ, 68ರ ವಯಸ್ಸಿನಲ್ಲಿ, ಸೋದರನ ಮಗ ಕ್ಲೆವ್ ಜೊತೆ ಎವರೆಸ್ಟ್‌ಗೂ ಹೋಗಿದ್ದ, ಹಣ ಪಡೆದು ಹತ್ತಿಸುವ ಸ್ಕಾಟ್ ಫಿಶರ್‌ನ ತಂಡದಲ್ಲಿ. ಶಿಖರಕ್ಕೆ ಹೊರಟವರಲ್ಲಿ ಅವನಿರಲಿಲ್ಲ. ಆ ಮೇ ತಿಂಗಳ ಬಿರುಗಾಳಿಯಲ್ಲಿ ಎಂಟು ಜನ ಸತ್ತರು, ಫಿಶರ್ ಕೂಡ. ಕ್ಲೆವ್ ಬದುಕಿ ಬಂದ. ಪೀಟ್ ಶೋನಿಂಗ್ ತೀರಿಕೊಂಡದ್ದು 2004ರಲ್ಲಿ.

ಹ್ಯೂಸ್ಟನ್ ಮಾತ್ರ ಮತ್ತೆ ದೊಡ್ಡ ಪರ್ವತಕ್ಕೆ ಹೋಗಲಿಲ್ಲ. ಎತ್ತರ ಮನುಷ್ಯನ ದೇಹಕ್ಕೆ ಮಾಡುವುದೇನು ಎಂಬುದು ಅವನ ಹಳೆಯ ಗೀಳು, ಅದಕ್ಕೇ ಪೂರ್ತಿ ತಿರುಗಿದ. ಬೆಟ್ಟದ ಮೇಲೆ ಆರೋಗ್ಯವಂತರು ಏಕಾಏಕಿ ಉಸಿರು ಕಟ್ಟಿ ಸಾಯುವುದನ್ನು ವೈದ್ಯರು ನ್ಯುಮೋನಿಯಾ ಎಂದು ಬರೆದುಬಿಡುತ್ತಿದ್ದರು, ಪುಖೋಜ್‌ನ ಸಾವಿಗೂ ಹಾಗೆಯೇ ಬರೆದರು. ಇದು ನ್ಯುಮೋನಿಯಾ ಅಲ್ಲ, ಎತ್ತರದಿಂದಲೇ ಶ್ವಾಸಕೋಶದಲ್ಲಿ ನೀರು ತುಂಬುವುದು ಎಂದು 1960ರಲ್ಲಿ ಹ್ಯೂಸ್ಟನ್ ಒಂದು ಪ್ರಬಂಧದಲ್ಲಿ ತೋರಿಸಿದ. ಎರಡು ವರ್ಷದಲ್ಲಿ ಚೀನಾ ಯುದ್ಧ ಬಂತು, ಬಯಲುಸೀಮೆಯ ಭಾರತೀಯ ಸೈನಿಕರನ್ನು ನೇರವಾಗಿ ಹಿಮಾಲಯಕ್ಕೆ ಏರಿಸಬೇಕಾಯಿತು. ಅವರಲ್ಲಿ ನೂರಾರು ಮಂದಿಗೆ ಇದೇ ಕಾಯಿಲೆ ಹಿಡಿದದ್ದನ್ನು ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಹೋದ್ಯೋಗಿಗಳು 1965ರಲ್ಲಿ ದಾಖಲಿಸಿದರು. ಎತ್ತರಕ್ಕೆ ಹಂತಹಂತವಾಗಿ ಒಗ್ಗಿಸಿ ಕಳಿಸಬೇಕು, ಉಸಿರು ಕಟ್ಟಿದವನನ್ನು ತಡಮಾಡದೆ ಕೆಳಗಿಳಿಸಬೇಕು ಎಂಬುದು ಇಂದು ಲಡಾಖಿನ ಠಾಣ್ಯಗಳಲ್ಲಿ ದಿನನಿತ್ಯದ ನಿಯಮ. ಚೀನಾ ಯುದ್ಧದ ವರ್ಷದಿಂದ 1965ರವರೆಗೆ ಹ್ಯೂಸ್ಟನ್ ಭಾರತದಲ್ಲೇ ಇದ್ದ, ಪೀಸ್ ಕೋರ್‌ನ ನಿರ್ದೇಶಕನಾಗಿ.